ಹಳೆ ಮನೆ ಮೇಲೆ ಇನ್ನೊಂದು ಮಹಡಿ: ಯಾವ ಟೆಸ್ಟ್ ಮಾಡಿಸಬೇಕು?

ಪ್ರಶ್ನೆ: ಬೆಂಗಳೂರು, 1998ರ ಆರ್‌ಸಿಸಿ ಮನೆ, ಡ್ರಾಯಿಂಗ್ ಇಲ್ಲ. ರಿಬೌಂಡ್ ಹ್ಯಾಮರ್ ಟೆಸ್ಟ್ (ಕಾಂಕ್ರೀಟಿಗೆ ಬಡಿದು, ಎಷ್ಟು ಪುಟಿಯುತ್ತೆ ಅಂತ ನೋಡಿ ಗಟ್ಟಿತನ ಅಂದಾಜು ಮಾಡೋದು) ಒಂದೇ ಸಾಕಾ?

ಉತ್ತರ 1: ಸಾಲದು ಸಾರ್. ಹಳೆ ಕಾಂಕ್ರೀಟಿನ ಮೇಲ್ಪದರ ಕಾರ್ಬೊನೇಷನ್‌ನಿಂದ (ಗಾಳಿಯ ಕಾರ್ಬನ್ ಡೈಆಕ್ಸೈಡ್ ಕಾಂಕ್ರೀಟಿನೊಳಗೆ ಇಳಿಯೋದರಿಂದ) ಗಟ್ಟಿಯಾಗಿರುತ್ತೆ, ರೀಡಿಂಗ್ ಸುಳ್ಳೇ ಜಾಸ್ತಿ ತೋರಿಸುತ್ತೆ. ಕಂಬಿ ಇಲ್ಲದ ಜಾಗ ನೋಡಿ ಬಲ ಪರೀಕ್ಷೆಗೆ ಕನಿಷ್ಠ 3 ಕೋರ್ (ಕೊರೆದು ತೆಗೆದ ಕಾಂಕ್ರೀಟ್ ತುಂಡು) ತೆಗೆಸಿ. ಆಗ ತಾನೇ ಒಡೆದ ಕಾಂಕ್ರೀಟಿಗೆ ಫಿನಾಲ್ಫ್ಥಲೀನ್ (ಕಾರ್ಬೊನೇಷನ್ ಎಷ್ಟು ಆಳ ಇಳಿದಿದೆ ಅಂತ ಬಣ್ಣದಿಂದ ತೋರಿಸೋ ದ್ರಾವಣ) ಸಿಂಪಡಿಸಿ: ಗುಲಾಬಿ ಬಂದರೆ ಸರಿ. ಬಣ್ಣ ಬರದ ಪದರ ಕಂಬಿವರೆಗೂ ಇಳಿದಿದ್ದರೆ ಕಂಬಿಗೆ ತುಕ್ಕಿನಿಂದ ರಕ್ಷಣೆ ಹೋಯ್ತು ಅಂತ.

ಉತ್ತರ 2: ಅದಕ್ಕೂ ಮೊದಲು ಪಾಯ. ಒಂದು ಮೂಲೆ ಕಾಲಂ, ಒಂದು ನಡುವಿನ ಕಾಲಂ ಪಕ್ಕ ಫುಟಿಂಗ್ (ಕಾಲಂ ಕೆಳಗಿನ ಅಗಲವಾದ ಪಾಯ) ತಳದವರೆಗೆ ಗುಂಡಿ ತೆಗೆಸಿ ಅಳತೆ ತಗೊಳ್ಳಿ. ಕಂಬಿ ಎಲ್ಲೆಲ್ಲಿದೆ ಅಂತ ರೀಬಾರ್ ಲೊಕೇಟರ್ (ಒಡೆಯದೆ ಒಳಗಿನ ಕಂಬಿ ಪತ್ತೆ ಮಾಡೋ ಉಪಕರಣ) ಹೇಳುತ್ತೆ. ಕಂಬಿಯ ದಪ್ಪ ಖಾತ್ರಿಯಾಗಬೇಕಾದರೆ ಒಂದು ಕಡೆ ಕವರ್ (ಕಂಬಿ ಮುಚ್ಚಿರೋ ಕಾಂಕ್ರೀಟ್ ಪದರ) ಒಡೆಯಲೇಬೇಕು.

ಉತ್ತರ 3: ಬಚ್ಚಲಮನೆ ಸ್ಲ್ಯಾಬಿನ ಅಡಿಭಾಗ ಮರೀಬೇಡಿ. ಕಂಬಿಯ ಉದ್ದಕ್ಕೇ ಬಿರುಕು ಓಡಿದ್ದರೆ ಅದು ಬರೀ ಪ್ಲಾಸ್ಟರ್ ಬಿರುಕಲ್ಲ, ಒಳಗೆ ಕಂಬಿ ತುಕ್ಕು ಹಿಡಿದಿರಬಹುದು.