ಪದಚರ್ಚೆ: ಫಿಲ್ಮಿನ ‘ಗ್ರೇನ್’ಗೆ ಕಣ ಅನ್ನೋಣವೋ, ತರಿ ಅನ್ನೋಣವೋ?

ಪ್ರಶ್ನೆ, ಹಾಸನದಿಂದ

ಬಳಗದವರಿಗೆ ನಮಸ್ಕಾರ.

ಹಳೆಯ ವೈಜ್ಞಾನಿಕ ಕಥಾಚಿತ್ರಗಳು ಹೊಸ ಡಿಸ್ಕ್ ಆಗಿ ಮತ್ತೆ ಬಂದಾಗ ಅವುಗಳ ಗುಣಮಟ್ಟದ ಬಗ್ಗೆ ಕನ್ನಡದಲ್ಲಿ ಬರೆಯಲು ಕೂತರೆ ಮೂರು ಕಡೆ ಪೆನ್ನು ನಿಲ್ಲುತ್ತದೆ.

ಮೊದಲನೆಯದು ‘ಗ್ರೇನ್’. ಫಿಲ್ಮಿನ ಮೇಲಿನ ಬೆಳ್ಳಿ ಲವಣದ ಹರಳುಗಳಿಂದ ಚಿತ್ರ ಮೂಡುತ್ತದಲ್ಲ, ಅದರಿಂದಾಗಿ ತೆರೆಯ ಮೇಲೆ ಸದಾ ಮಿಸುಕಾಡುವ ಆ ಸಣ್ಣ ಒರಟು. ‘ಕಣ’ ಅಂದರೆ ನಮ್ಮ ಕಡೆ ಮೊದಲು ನೆನಪಾಗುವುದು ರಾಗಿ ಒಕ್ಕುವ ಕಣ, ಆಮೇಲೆ ಚುನಾವಣಾ ಕಣ. ಕಂಪ್ಯೂಟರ್ ಬಲ್ಲವರು ಪಿಕ್ಸೆಲ್ ಅಂದುಕೊಳ್ಳುತ್ತಾರೆ. ನನಗೆ ‘ತರಿ’ ಒಪ್ಪಿಗೆ. ಆದರೆ ಪಹಣಿಯಲ್ಲಿ ತರಿ ಅಂದರೆ ಗದ್ದೆ ಜಮೀನು. ಕ್ರಿಯಾಪದವಾದರೆ ಕತ್ತರಿಸು ಎಂದಾಗುತ್ತದೆ, ಸೆನ್ಸಾರಿನ ಕತ್ತರಿ ನೆನಪಾದೀತು.

ಎರಡನೆಯದು ‘ನಾಯ್ಸ್’, ಚಿತ್ರದ ಮೇಲೆ ಸೇರಿಕೊಂಡ ಬೇಡದ ಕಲೆ, ಕೊಳೆ. ‘ಗದ್ದಲ’ ಎಂದು ಬರೆದರೆ ಓದುವವರು ಸ್ಪೀಕರಿನ ಕಡೆ ನೋಡುತ್ತಾರೆ. ಮೂರನೆಯದು ಡಬ್ಬಿಯ ಮೇಲಿನ ‘ರಿಸ್ಟೋರ್ಡ್’, ‘ರೀಮಾಸ್ಟರ್ಡ್’ ಎಂಬ ಮಾತುಗಳು. ಎರಡಕ್ಕೂ ‘ಜೀರ್ಣೋದ್ಧಾರ’ ಸಾಕೇ?

ನಾನು ಬರೆಯಬೇಕಾದ ವಾಕ್ಯ ಇದು: ‘ಗ್ರೇನ್ ಉಳಿಸಿಕೊಂಡು ನಾಯ್ಸ್ ಮಾತ್ರ ತೆಗೆದ ರಿಸ್ಟೊರೇಷನ್.’ ಓದಿದ ಕೂಡಲೇ ತಿಳಿಯುವ ಕನ್ನಡ ಬೇಕು.

ಉತ್ತರ, ಚಿಕ್ಕಮಗಳೂರಿನಿಂದ

‘ತರಿ’ಯನ್ನು ಬಿಡಬೇಡಿ. ಇಲ್ಲಿ ಕಾಫಿಪುಡಿ ಅಂಗಡಿಯಲ್ಲಿ ‘ಫಿಲ್ಟರಿಗೆ ಬೇಕು, ಸ್ವಲ್ಪ ತರಿಯಾಗಿರಲಿ’ ಅನ್ನುತ್ತೇವೆ. ತೀರಾ ನುಣ್ಣಗಾದರೆ ಫಿಲ್ಟರಿನ ತೂತು ಕಟ್ಟಿಕೊಂಡು ಡಿಕಾಕ್ಷನ್ ಇಳಿಯುವುದಿಲ್ಲ. ಅಕ್ಕಿತರಿ ಕಡುಬಿಗೂ ಅದೇ ಲೆಕ್ಕ. ನಮ್ಮ ಬಾಯಲ್ಲಿ ತರಿ ದೋಷದ ಹೆಸರಲ್ಲ, ಬೇಕೆಂದೇ ಇಟ್ಟುಕೊಳ್ಳುವ ಹದ. ಫಿಲ್ಮಿನ ವಿಷಯದಲ್ಲೂ ಓದುಗರಿಗೆ ಮೊದಲು ಮುಟ್ಟಬೇಕಾದ್ದು ಇದೇ. ಅದು ಚಿತ್ರದ ಮೇಲೆ ಕೂತ ಕೊಳೆಯಲ್ಲ, ಚಿತ್ರ ಆಗಿರುವುದೇ ಅದರಿಂದ. ‘ಕಣ’ದಲ್ಲಿ ಈ ಹದದ ಅರ್ಥ ಸಿಗುವುದಿಲ್ಲ. ಪಹಣಿಯ ‘ತರಿ’ ಖುಷ್ಕಿಯ ಜೊತೆಗಾರ, ಪಾರಸಿಯಿಂದ ಬಂದ ಬೇರೆಯೇ ಪದ. ಸಿನಿಮಾ ಬರಹದಲ್ಲಿ ಅದು ಅಡ್ಡ ಬರದು. ‘ತರಿದ’ ಎಂಬ ರೂಪವನ್ನು ಮಾತ್ರ ದೂರವಿಡಿ.

‘ನಾಯ್ಸ್’ಗೆ ಒಂದೇ ಪದ ಹುಡುಕುವುದೇ ತಪ್ಪು ದಾರಿ. ಆ ಒಂದು ಹೆಸರಿನಡಿ ಬೇರೆ ಬೇರೆ ದೋಷಗಳು ಸೇರಿಕೊಂಡಿವೆ, ಒಂದೊಂದಕ್ಕೂ ನಮ್ಮಲ್ಲಿ ಮಾತಿದೆ. ನೆಗೆಟಿವ್ ಮೇಲಿನ ಧೂಳು ಒಂದೇ ಫ್ರೇಮಿನಲ್ಲಿ ಕಂಡು ಮಾಯವಾಗುತ್ತದೆ, ಅದು ‘ಚುಕ್ಕೆ’. ಉದ್ದಕ್ಕೆ ಇಳಿಯುವುದು ‘ಗೀರು’. ಅದು ಹೆಚ್ಚಾದರೆ ಟೆಂಟಿನಲ್ಲಿ ‘ಮಳೆ ಬೀಳ್ತಿದೆ’ ಅನ್ನುತ್ತಿದ್ದರು, ಆ ಮಾತನ್ನೂ ಬಳಸಬಹುದು. ಡಿಸ್ಕಿನಲ್ಲಿ ಜಾಗ ಸಾಲದೆ ಚಿತ್ರವನ್ನು ಒತ್ತಿ ತುಂಬಿದಾಗ ಒಡೆಯುವ ಚೌಕಗಳಿಗೆ ‘ಚೌಕುಳಿ’, ಸೀರೆಯಂಗಡಿಯಲ್ಲಿ ದಿನವೂ ಕೇಳುವ ಪದ. ಹಳೆಯ ಡಿವಿಡಿಯಲ್ಲಿ ಚಿತ್ರವನ್ನು ಒತ್ತಿ ತುಂಬುವ ಎಂಪೆಗ್-2 ಪದ್ಧತಿಯಲ್ಲಿ ಈ ಚೌಕ 8×8 ಪಿಕ್ಸೆಲ್‌ನದು. ಹೊಗೆ, ಮಂಜು, ಗ್ರಹದ ಸುತ್ತಲ ಬೆಳಕು ಮೆಲ್ಲಗೆ ಕತ್ತಲಾಗುವಲ್ಲಿ ಬಣ್ಣ ಮೆಟ್ಟಿಲು ಮೆಟ್ಟಿಲಾಗಿ ಒಡೆದರೆ ‘ಪಟ್ಟೆ’. ಬಣ್ಣವೊಂದಕ್ಕೆ 8 ಬಿಟ್‌ನಲ್ಲಿ 256 ಮೆಟ್ಟಿಲು, 10 ಬಿಟ್‌ನಲ್ಲಿ 1024. 4ಕೆ ಡಿಸ್ಕ್ 10 ಬಿಟ್‌ನದು, ಹೀಗಾಗಿ ಅದರಲ್ಲಿ ಪಟ್ಟೆ ಕಡಿಮೆ.

ಪದ ಸರಿಯಾಗಿ ಕೂರಬೇಕಾದರೆ ಕಣ್ಣಿಗೆ ವ್ಯತ್ಯಾಸ ಕಾಣಬೇಕು. ಮೊದಲು ಟಿವಿಯ ಸ್ವಂತ ಕೈವಾಡ ನಿಲ್ಲಿಸಿ. ಪಿಕ್ಚರ್ ಮೋಡ್ ‘ಸಿನಿಮಾ’ಕ್ಕೆ ತನ್ನಿ, ನಾಯ್ಸ್ ರಿಡಕ್ಷನ್ ಮತ್ತು ಮೋಷನ್ ಸ್ಮೂದಿಂಗ್ ಆಫ್ ಮಾಡಿ, ಶಾರ್ಪ್‌ನೆಸ್ ಕೆಳಗಿಳಿಸಿ (ಕೆಲವು ಟಿವಿಗಳಲ್ಲಿ ತಟಸ್ಥ ಸ್ಥಾನ ಸೊನ್ನೆಯಲ್ಲ, ನಡುವಿನ 50). ಇಷ್ಟು ಮಾಡದೆ ಡಿಸ್ಕನ್ನು ಬೈದರೆ ಟಿವಿಯ ತಪ್ಪನ್ನು ಡಿಸ್ಕಿನ ತಲೆಗೆ ಕಟ್ಟಿದಂತೆ. ಆಮೇಲೆ ಮಾತುಕತೆಯ ದೃಶ್ಯವೊಂದರಲ್ಲಿ, ತಿಳಿ ಬೂದು ಗೋಡೆಯ ಮುಂದೆ ಮುಖವೊಂದು ಇರುವಲ್ಲಿ ನಿಲ್ಲಿಸಿ, ಒಂದೊಂದೇ ಫ್ರೇಮ್ ಮುಂದೆ ಸರಿಸಿ. ನಿಜವಾದ ತರಿ ಸೆಕೆಂಡಿಗೆ 24 ಬಾರಿ, ಅಂದರೆ ಪ್ರತಿ ಫ್ರೇಮಿಗೂ ಹೊಸದಾಗಿ ಚೆಲ್ಲಿಕೊಳ್ಳುತ್ತದೆ. ಮುಖ ತಿರುಗಿದರೂ ತರಿ ಗೋಡೆಗೆ ಅಂಟಿದಂತೆ ನಿಂತಿದ್ದರೆ ಯಾರೋ ಅದನ್ನು ಉಜ್ಜಿದ್ದಾರೆ. ತರಿಯೇ ಇಲ್ಲದೆ ಕೆನ್ನೆ ನುಣ್ಣಗೆ ಹೊಳೆದರೆ ಉಜ್ಜಿದ್ದು ಅತಿಯಾಗಿದೆ.

ಈ ಉಜ್ಜುವಿಕೆಗೆ ‘ಮೇಣದ ಮುಖ’ ಎಂದು ಬರೆಯುವವರಿದ್ದಾರೆ, ಅದು ಇಂಗ್ಲಿಷಿನ ನೆರಳು. ನಮ್ಮಲ್ಲಿ ‘ಪಾಲಿಶ್ ಹೊಡೆದದ್ದು’ ಅಂದರೆ ಸಾಕು. ಗಿರಣಿಯಲ್ಲಿ ಅಕ್ಕಿಗೆ ಪಾಲಿಶ್ ಹೆಚ್ಚಾದರೆ ಬೆಳ್ಳಗಾಗುತ್ತದೆ, ಸತ್ವ ತೌಡಿನ ಜೊತೆ ಹೋಗುತ್ತದೆ. ಇಲ್ಲೂ ಹಾಗೇ, ತರಿಯ ಜೊತೆ ಚರ್ಮದ ರಂಧ್ರ, ಬಟ್ಟೆಯ ನೇಯ್ಗೆ, ಕೂದಲೆಳೆ ಎಲ್ಲ ಹೋಗುತ್ತವೆ. 1991ರ ‘ಟರ್ಮಿನೇಟರ್ 2’ 2017ರಲ್ಲಿ 4ಕೆ ಡಿಸ್ಕ್ ಆಗಿ ಬಂದಾಗ ಆದದ್ದು ಇದೇ. 3ಡಿ ಮರುಬಿಡುಗಡೆಗೆಂದು ತರಿ ತೆಗೆದು ಸಿದ್ಧಪಡಿಸಿದ ಪ್ರತಿಯಿಂದ ಅದು ಬಂತು. ಪಿಕ್ಸೆಲ್ ಲೆಕ್ಕದಲ್ಲಿ 3840×2160 ಇದ್ದರೂ ಮುಖಗಳಲ್ಲಿ ವಿವರ ಉಳಿಯಲಿಲ್ಲ. ಬಾಹ್ಯಾಕಾಶದ ಚಿತ್ರಗಳಿಗೆ ಇನ್ನೂ ಒಂದು ಅಪಾಯವಿದೆ. ಚುಕ್ಕೆ ತೆಗೆಯುವ ತಂತ್ರಾಂಶ ಸಣ್ಣ ನಕ್ಷತ್ರವನ್ನೂ ಕಿಡಿಯನ್ನೂ ಧೂಳೆಂದು ಗುಡಿಸಿಬಿಡಬಲ್ಲದು. ಹಳೆಯ ಡಿಸ್ಕ್ ಕೈಯಲ್ಲಿದ್ದರೆ ಆಕಾಶದ ದೃಶ್ಯವೊಂದನ್ನು ಅಕ್ಕಪಕ್ಕ ಇಟ್ಟು ನೋಡಿ.

ತರಿ ಹೆಚ್ಚಿದ್ದರೆ ಕೂಡಲೇ ದೋಷ ಅನ್ನಬೇಡಿ. ಕಂಪ್ಯೂಟರಿಗೂ ಮುಂಚಿನ ಚಿತ್ರಗಳಲ್ಲಿ ನೌಕೆ, ಗ್ರಹ, ಬಣ್ಣದ ಹಿನ್ನೆಲೆಗಳನ್ನು ಬೇರೆ ಬೇರೆ ಫಿಲ್ಮಿನಲ್ಲಿ ತೆಗೆದು ಮತ್ತೊಂದು ಫಿಲ್ಮಿಗೆ ಮರುಚಿತ್ರಿಸುತ್ತಿದ್ದರು. ಪ್ರತಿ ಮರುಚಿತ್ರಣಕ್ಕೂ ತರಿಯ ಮೇಲೆ ತರಿ ಕೂರುತ್ತದೆ. ಮಾತಿನ ದೃಶ್ಯ ತಿಳಿಯಾಗಿದ್ದು ನೌಕೆಯ ದೃಶ್ಯ ತುಸು ಒರಟಾದರೆ ಚಿತ್ರ ಹುಟ್ಟಿದ್ದೇ ಹಾಗೆ. 1982ರ ‘ಬ್ಲೇಡ್ ರನ್ನರ್’ ಇದನ್ನು ತಪ್ಪಿಸಲೆಂದೇ ಎಫೆಕ್ಟ್ಸ್ ದೃಶ್ಯಗಳನ್ನು ಅಗಲವಾದ 65 ಎಂಎಂ ಫಿಲ್ಮಿನಲ್ಲಿ ತೆಗೆಯಿತು (ಫಿಲ್ಮ್ ಅಗಲವಾದಷ್ಟೂ ತೆರೆಯ ಮೇಲೆ ತರಿ ಸಣ್ಣದಾಗಿ ಕಾಣುತ್ತದೆ). ಇನ್ನೊಂದು ಗೊಂದಲ ನೌಕೆಯ ಸುತ್ತಲಿನ ತೆಳು ಕಪ್ಪು ಗೆರೆ. ಅದು ಮರುಚಿತ್ರಣದ ‘ಅಂಚುಗೆರೆ’, ಮೂಲದ್ದೇ. ಡಿಸ್ಕ್ ಮಾಡಿದವರು ಕೃತಕವಾಗಿ ಚೂಪು ಮಾಡಿದಾಗ ಬರುವ ಬಿಳಿ ಗೆರೆ ಬೇರೆ. ಅದು ಎಲ್ಲ ದೃಶ್ಯಗಳಲ್ಲೂ ಕಟ್ಟಡದ ಅಂಚಿಗೆ, ಭುಜಕ್ಕೆ ಕಾಣುತ್ತದೆ. ಇದಕ್ಕೆ ‘ಪ್ರಭಾವಳಿ’ ಆಗಬಹುದು.

ಮೂರನೆಯ ಪ್ರಶ್ನೆಗೆ ನಮ್ಮ ಗ್ರಂಥಸಂಪಾದಕರ ಮಾತುಗಳೇ ಸಾಕು. ಹಳೆಯ ಪ್ರತಿಯನ್ನೇ ಹೊಸ ಡಬ್ಬಿಗೆ ಹಾಕಿದರೆ ‘ಮರುಮುದ್ರಣ’. ನೆಗೆಟಿವನ್ನು ಹೊಸದಾಗಿ ಸ್ಕ್ಯಾನ್ ಮಾಡಿದರೆ ‘ಮೂಲಪ್ರತಿಯಿಂದ’ ಎಂದು ಬಿಡಿಸಿ ಬರೆಯಿರಿ. ‘ರೀಮಾಸ್ಟರ್ಡ್’ ಎಂಬ ಒಂದೇ ಚೀಟಿ ಎರಡಕ್ಕೂ ಅಂಟಿಕೊಳ್ಳುತ್ತದೆ, ಅದನ್ನು ನಂಬಿ ಬರೆಯಬಾರದು. ಬೇರೆ ಬೇರೆ ಸಂಕಲನಗಳಿಗೆ ‘ಪಾಠಾಂತರ’. ‘ಬ್ಲೇಡ್ ರನ್ನರ್’ನ 2007ರ ಪೆಟ್ಟಿಗೆಯಲ್ಲಿ ಐದು ಪಾಠಾಂತರಗಳಿದ್ದವು. ‘ಸ್ಟಾರ್ ವಾರ್ಸ್’ಗೆ 1997ರಲ್ಲಿ ಸೇರಿದ ದೃಶ್ಯಗಳನ್ನು ‘ಪ್ರಕ್ಷಿಪ್ತ’ ಅನ್ನುವ ಆಸೆಯಾಗುತ್ತದೆ, ಆದರೆ ಸೇರಿಸಿದ್ದು ಕರ್ತೃವೇ, ಹಾಗಾಗಿ ‘ಪರಿಷ್ಕೃತ ಆವೃತ್ತಿ’ಯೇ ಸರಿ. ‘ಜೀರ್ಣೋದ್ಧಾರ’ ಬೇಡ. ಊರ ಗುಡಿಯ ಜೀರ್ಣೋದ್ಧಾರ ಅಂದರೆ ಟೈಲ್ಸು, ಆಯಿಲ್ ಪೇಂಟು ಕಣ್ಣ ಮುಂದೆ ಬರುತ್ತದೆ, ಅದು ಪಾಲಿಶ್ ಪಕ್ಷಕ್ಕೇ ಬಲ ಕೊಡುವ ಪದ. ‘ಸಂರಕ್ಷಣೆ’ ಅಥವಾ ‘ಮರುಜೋಡಣೆ’ ಸಂದರ್ಭ ನೋಡಿ ಬಳಸಿ. 1927ರ ‘ಮೆಟ್ರೊಪೊಲಿಸ್’ಗೆ ‘ಮರುಜೋಡಣೆ’ ನಿಖರ. ಬ್ಯೂನಸ್ ಐರಿಸ್‌ನಲ್ಲಿ 2008ರಲ್ಲಿ ಬೆಳಕಿಗೆ ಬಂದ 16 ಎಂಎಂ ಪ್ರತಿಯ ಭಾಗಗಳನ್ನು 2010ರ ಆವೃತ್ತಿಗೆ ಸೇರಿಸಿದರು. ಅಲ್ಲಿ ಮಳೆ ಧಾರಾಳ. ಸವೆದ 35 ಎಂಎಂ ಪ್ರತಿಯಿಂದ ಇಳಿಸಿಕೊಂಡದ್ದರಿಂದ ಗೀರುಗಳೂ ಚಿತ್ರದೊಳಗೇ ಅಚ್ಚಾಗಿವೆ, ಪೂರ್ತಿ ತೊಳೆಯಲು ಬರುವುದಿಲ್ಲ.

ಡಬ್ಬಿಯ ಮೇಲೆ ‘112 ನಿಮಿಷ’ ಕಂಡು ‘ಬ್ಲೇಡ್ ರನ್ನರ್’ಗೆ ಕತ್ತರಿ ಬಿದ್ದಿದೆ ಎಂದು ಬರೆಯದಿರಿ. ಪಾಲ್ ಪದ್ಧತಿಯ (ಭಾರತ, ಯುರೋಪಿನ ಹಳೆಯ ಟಿವಿ ಪದ್ಧತಿ) ಡಿವಿಡಿ 24 ಫ್ರೇಮನ್ನು 25ಕ್ಕೆ ಓಡಿಸುತ್ತದೆ. ನಾಲ್ಕು ಶೇಕಡ ವೇಗ ಹೆಚ್ಚಿ 117 ನಿಮಿಷ 112 ಆಗುತ್ತದೆ, ದನಿಯ ಶ್ರುತಿಯೂ ತುಸು ಏರುತ್ತದೆ.

ಸೇರಿಕೆ, ಬೇಲೂರಿನಿಂದ

ತರಿ, ಚೌಕುಳಿ, ಪಾಲಿಶ್ ಮೂರೂ ಒಪ್ಪಿಗೆ. ‘ಪ್ರಭಾವಳಿ’ ಮಾತ್ರ ಬೇಡ. ಇಲ್ಲಿ ವಿಗ್ರಹದ ಹಿಂದಿನ ಪ್ರಭಾವಳಿಯನ್ನು ಶಿಲ್ಪಿ ಬೇಕೆಂದೇ ಕಡೆದಿರುತ್ತಾನೆ, ಅದು ಅಲಂಕಾರ. ತರಿ ಹೊಗಳಿಕೆಯ ಪದ ಎಂಬ ಕಾರಣಕ್ಕೆ ಆರಿಸಿದಿರಿ, ಅದೇ ನ್ಯಾಯಕ್ಕೆ ದೋಷವೊಂದಕ್ಕೆ ಹೊಗಳಿಕೆಯ ಪದ ಸಲ್ಲದು. ‘ಬಿಳಿ ಅಂಚು’ ಸಾಕು.

ಮರು ಉತ್ತರ, ಹಾಸನದಿಂದ

ಇಬ್ಬರಿಗೂ ಕೃತಜ್ಞ. ‘ಬಿಳಿ ಅಂಚು’ ಬರೆದುಕೊಂಡೆ. ವಾಕ್ಯ ಈಗ ಹೀಗಿದೆ: ‘ಚುಕ್ಕೆ, ಗೀರು ತೆಗೆದಿದ್ದಾರೆ, ತರಿಗೆ ಕೈ ಹಚ್ಚಿಲ್ಲ. ಮೂಲಪ್ರತಿಯಿಂದ ಮಾಡಿದ ಸಂರಕ್ಷಣೆ, ಪಾಲಿಶ್ ಹೊಡೆದಿಲ್ಲ.’