ಅಪ್‌ಡೇಟ್: 'ಅಪ್' ಎಂದು ತೋರಿಸುತ್ತಿದ್ದ ಶಹಾಪುರದ ಲಿಂಕ್‌ನ ನಿಜವಾದ ಸ್ಥಿತಿ

ಯಾದಗಿರಿ ಕಚೇರಿಯ ರೂಟರಿನಲ್ಲಿ ಶಹಾಪುರ ಶಾಖೆಯ ವಿಲ್ಯಾನ್ (ಭೌತಿಕ ಪೋರ್ಟ್‌ನ ಮೇಲೆ ಕಟ್ಟಿದ ತಾರ್ಕಿಕ ಜಾಲ) ಇಂಟರ್‌ಫೇಸ್ 'ಅಪ್' ಎಂದಿದ್ದರೂ ಸಂಪರ್ಕ ಏಕಿಲ್ಲವೆಂದು ಕೇಳಿದ್ದೆ. ಬಯಸಿದ್ದು, ಇರುವುದು ಎಂಬ ಎರಡು ಸ್ಥಿತಿಗಳನ್ನು ಬೇರೆಬೇರೆಯಾಗಿ ಓದಿರೆಂದು ತಾವು ಕೊಟ್ಟ ಸಲಹೆಯೇ ದಾರಿ ತೋರಿತು.

ನಮ್ಮ ನಿಗಾ ಪರದೆ ಓದುತ್ತಿದ್ದುದು ಇಫ್‌ಅಡ್ಮಿನ್‌ಸ್ಟೇಟಸ್ ಒಂದನ್ನೇ, ಅದು ನಾವು ಬಯಸಿದ ಸ್ಥಿತಿಯನ್ನು ಹೇಳುತ್ತದೆಯೇ ಹೊರತು ಇರುವ ಸ್ಥಿತಿಯನ್ನಲ್ಲ. ಇರುವುದನ್ನು ಹೇಳುವ ಇಫ್‌ಆಪರ್‌ಸ್ಟೇಟಸ್ ಅನ್ನು ಎಸ್‌ಎನ್‌ಎಂಪಿ (ಜಾಲ ಸಾಧನಗಳ ಸ್ಥಿತಿ ಕೇಳುವ ಪ್ರೋಟೋಕಾಲ್) ಮೂಲಕ ಕೇಳಿದಾಗ 7 ಎಂಬ ಮೌಲ್ಯ ಬಂತು. ಈ ಮೌಲ್ಯಗಳನ್ನು ವಿವರಿಸುವ ಇಂಟರ್‌ನೆಟ್ ಮಾನದಂಡ ದಾಖಲೆ, 2000ದ ಆರ್‌ಎಫ್‌ಸಿ 2863ರ ಪ್ರಕಾರ, ಈ ಇಂಟರ್‌ಫೇಸ್ ಕೆಲಸ ನಿಲ್ಲಿಸಿರುವುದು ತನ್ನ ಕೆಳಗಿನ ಪದರದ ಸ್ಥಿತಿಯಿಂದಾಗಿ ಎಂಬುದು ಅದರ ಅರ್ಥ. ಯಾವ ಇಂಟರ್‌ಫೇಸ್ ಯಾವುದರ ಮೇಲಿದೆ ಎಂದು ಹೇಳುವ ಇಫ್‌ಸ್ಟ್ಯಾಕ್‌ಟೇಬಲ್ ಹಿಡಿದು ಕೆಳಗಿಳಿದರೆ ಭೌತಿಕ ಪೋರ್ಟ್ 2, ಅಂದರೆ 'ಡೌನ್', ಎಂದಿತ್ತು. ಫೈಬರ್ ಪ್ಯಾಚ್ ಕಾರ್ಡ್ ಬದಲಿಸಿದ ಕೂಡಲೇ ಎರಡೂ ಇಂಟರ್‌ಫೇಸ್‌ಗಳು 1ಕ್ಕೆ, ಅಂದರೆ 'ಅಪ್'ಗೆ, ಮರಳಿದವು. ಎರಡು ದಿನ ಕಾನ್ಫಿಗರೇಶನ್‌ನಲ್ಲೇ ತಪ್ಪು ಹುಡುಕಿದ್ದು ನನಗೆ ಈಗಲೂ ಬೇಸರದ ಸಂಗತಿ.

ಈಗ ಅಡ್ಮಿನ್ 1 ಇದ್ದು ಆಪರ್ 1 ಇಲ್ಲದಿದ್ದಾಗ ಮಾತ್ರ ಅಲಾರಂ ಬರುವಂತೆ ಮಾಡಿದ್ದೇನೆ. ನಾವೇ ಮುಚ್ಚಿಟ್ಟ ಪೋರ್ಟ್‌ಗಳು ಇನ್ನು ಗದ್ದಲ ಮಾಡುವುದಿಲ್ಲ. ಆಪರ್ 5, ಅಂದರೆ 'ಡಾರ್ಮೆಂಟ್' (ಸುಪ್ತ), ಇದಕ್ಕೆ ಹೊರತು, ಏಕೆಂದರೆ ಹೊರಗಿನ ಕರೆಗಾಗಿ ಕಾಯುತ್ತಿರುವ ಬ್ಯಾಕಪ್ ಲಿಂಕ್ ಆ ಸ್ಥಿತಿಯಲ್ಲಿರುವುದೇ ಸರಿ.