ಅಮ್ಮನ ಹೆಬ್ಬೆರಳು ವಾಲಿದೆ, ಪಕ್ಕದಲ್ಲಿ ಗಂಟು ಬಂದಿದೆ: ಆಪರೇಷನ್ ಬೇಕೇ ಬೇಕಾ?

ಪ್ರಶ್ನೆ (ಮಂಡ್ಯದಿಂದ ಒಬ್ಬ ಸದಸ್ಯೆ): ನಮಸ್ತೆ ಡಾಕ್ಟ್ರೇ. ನಮ್ಮ ಅಮ್ಮನಿಗೆ 56 ವರ್ಷ. ಬಲಗಾಲಿನ ಹೆಬ್ಬೆರಳು ಪಕ್ಕದ ಬೆರಳಿನ ಕಡೆ ವಾಲಿದೆ. ಬುಡದಲ್ಲಿ ಗಂಟು ಎದ್ದಿದೆ. ಒತ್ತುತ್ತದೆ ಅಂತ ಎರಡು ವರ್ಷದ ಹಿಂದೆ ಕಾಲುಂಗುರ ತೆಗೆದಿಟ್ಟರು, ಆ ಬೇಜಾರು ಇನ್ನೂ ಹೋಗಿಲ್ಲ. ಅಜ್ಜಿಯ ಕಾಲೂ ಹೀಗೇ ಇತ್ತು. ಅಮ್ಮನಿಗೆ ಶುಗರ್ ಇದೆ. ಒಬ್ಬರು 'ಮೂಳೆ ಬೆಳೆದಿದೆ, ಕೆರೆದು ತೆಗೆದರೆ ಸಾಕು' ಅಂದರು. ಇನ್ನೊಬ್ಬರು 'ಆಪರೇಷನ್ ಮಾಡಿಸಿದರೆ ಮೂರು ತಿಂಗಳು ಹಾಸಿಗೆ' ಅಂದರು. ನಾನು ಬೆರಳು ನೇರ ಮಾಡುವ ಪಟ್ಟಿ ತರಿಸಿದ್ದೇನೆ. ಏನು ಮಾಡಲಿ?

ಉತ್ತರ (ಮೂಳೆ ಡಾಕ್ಟರ್, ಮೈಸೂರು): ಕಾಲು ನೋಡದೆ ಖಚಿತವಾಗಿ ಹೇಳಲಾರೆ. ನೀವು ಹೇಳಿದ್ದು ಬನಿಯನ್ (bunion) ಅನ್ನೋ ಪಾದದ ತೊಂದರೆ ಇದ್ದ ಹಾಗಿದೆ. ಅದು ಬೆಳೆದ ಮೂಳೆ ಅಲ್ಲ. ಮೊಣಕೈ ಮಡಚಿ ನೋಡಿ, ತುದಿಯಲ್ಲಿ ಗಂಟು ಎದ್ದ ಹಾಗೆ ಕಾಣುತ್ತದೆ ಅಲ್ವಾ? ಅಲ್ಲಿ ಹೊಸದಾಗಿ ಏನೂ ಬೆಳೆದಿಲ್ಲ, ಮಡಚಿದ್ದಕ್ಕೆ ಎದ್ದು ಕಂಡಿದೆ. ಇಲ್ಲೂ ಹಾಗೆಯೇ. ಹೆಬ್ಬೆರಳನ್ನು ಹೊತ್ತ ಪಾದದ ಉದ್ದ ಮೂಳೆ ಇನ್ನೊಂದು ಕಾಲಿನ ಕಡೆಗೆ ಜರುಗುತ್ತದೆ, ಬೆರಳು ಪಕ್ಕದ ಬೆರಳಿನ ಕಡೆಗೆ ವಾಲುತ್ತದೆ. ನಡುವಿನ ಕೀಲು ಎದ್ದು ಕಾಣುತ್ತದೆ. ಅದಕ್ಕೇ ಬರೀ ಕೆರೆದು ತೆಗೆದರೆ ಸಾಲದು. ವಾಲಿದ್ದು ವಾಲಿದ ಹಾಗೇ ಇರುತ್ತದೆ, ಗಂಟು ಮತ್ತೆ ಕಾಣಿಸಿಕೊಳ್ಳುತ್ತದೆ.

ಅಜ್ಜಿಗೂ ಇತ್ತು ಅಂದಿರಿ. ಇದು ಮನೆತನದಲ್ಲಿ ಬರುವುದು ತುಂಬಾ ಸಾಮಾನ್ಯ, ಹೆಂಗಸರಲ್ಲಿ ಜಾಸ್ತಿ. ಮುಂದೆ ಚೂಪಾದ ಚಪ್ಪಲಿ, ಹೀಲ್ಸ್ ಇದನ್ನು ಬೇಗ ಹೆಚ್ಚಿಸುತ್ತವೆ. ಆದರೆ ಬರಿಗಾಲಲ್ಲಿ ಗದ್ದೆ ಕೆಲಸ ಮಾಡಿದವರಿಗೂ ಬರುತ್ತದೆ. ಅಮ್ಮ ತಮ್ಮ ತಪ್ಪಿನಿಂದ ಆಯಿತು ಅಂತ ಕೊರಗುವುದು ಬೇಡ.

ಪಟ್ಟಿ ಕಟ್ಟಿದಷ್ಟು ಹೊತ್ತು ಬೆರಳು ನೇರ, ಬಿಚ್ಚಿದರೆ ಮೊದಲಿನಂತೆ. ಬೆಳೆದವರ ಕಾಲನ್ನು ಅದು ಶಾಶ್ವತವಾಗಿ ತಿದ್ದುವುದಿಲ್ಲ. ಶುಗರ್ ಇರುವವರಿಗೆ ಉಜ್ಜಿ ಗಾಯ ಆದರೂ ಗೊತ್ತಾಗದೆ ಇರಬಹುದು. ಅಮ್ಮನಿಗೆ ಅದು ಬೇಡ.

ಮೊದಲು ಚಪ್ಪಲಿ ನೋಡಿ. ಸಂಜೆ ಹೊತ್ತು ಕಾಲು ಸ್ವಲ್ಪ ಊದಿರುತ್ತದೆ. ಆಗ ಅಮ್ಮನನ್ನು ಹಾಳೆಯ ಮೇಲೆ ನಿಲ್ಲಿಸಿ ಪಾದದ ಸುತ್ತ ಗೆರೆ ಎಳೆದು ಕತ್ತರಿಸಿ. ಅಂಗಡಿಯಲ್ಲಿ ಆ ಹಾಳೆಯ ಮೇಲೆ ಚಪ್ಪಲಿ ಇಡಿ. ಹಾಳೆ ಆಚೆ ಕಂಡರೆ ಆ ಚಪ್ಪಲಿ ಬೇಡ. ಉಂಗುಷ್ಟ ಇರುವುದೂ ಬೇಡ, ಅದು ಸರಿಯಾಗಿ ನೋವಿನ ಜಾಗಕ್ಕೇ ಉಜ್ಜುತ್ತದೆ. ಮುಂದೆ ಅಗಲ, ಮೇಲೆ ಮೆತ್ತನೆ, ಅಡಿ ಗಟ್ಟಿ ಇರಲಿ. ಎಷ್ಟೋ ಜನರಿಗೆ ಇಷ್ಟರಲ್ಲೇ ನೋವು ಕಡಿಮೆಯಾಗುತ್ತದೆ. ಹಾಗಾದರೆ ಆಪರೇಷನ್ ಬೇಡ. ನೋಡಲು ಚೆನ್ನಾಗಿಲ್ಲ ಅನ್ನೋ ಒಂದೇ ಕಾರಣಕ್ಕೆ ನಾನು ಯಾರಿಗೂ ಆಪರೇಷನ್ ಮಾಡುವುದಿಲ್ಲ. ಚಪ್ಪಲಿ ಬದಲಿಸಿದ ಮೇಲೂ ದಿನದ ಓಡಾಟಕ್ಕೆ ನೋವು ಅಡ್ಡ ಬಂದರೆ ಮಾತ್ರ ಆ ಮಾತು.

ಇನ್ನೊಂದು. ರಾತ್ರೋರಾತ್ರಿ ಗಂಟು ಕೆಂಪಾಗಿ, ಬಿಸಿಯಾಗಿ, ಹೊದಿಕೆ ತಾಗಿದರೂ ಪ್ರಾಣ ಹೋಗುವಷ್ಟು ನೋವಾದರೆ ಅದು ಯೂರಿಕ್ ಆಸಿಡ್‌ನ ಗೌಟ್ ಇರಬಹುದು, ಕೀಲಿನ ಸೋಂಕೂ ಇರಬಹುದು. ಕಾಯದೆ ತೋರಿಸಿ.

ಪ್ರಶ್ನೆ (ಮೈಸೂರು ಸದಸ್ಯರು): ಸರ್, ನನಗೂ ಇದೇ ತೊಂದರೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವ ಅಭ್ಯಾಸ, ಈಗ ಅರ್ಧಕ್ಕೇ ನೋವು. ಕೀಹೋಲ್‌ನಲ್ಲಿ, ಲೇಸರ್‌ನಲ್ಲಿ ಮಾಡುತ್ತಾರಂತೆ. ಹಳೇ ರೀತಿಗಿಂತ ಅದು ಒಳ್ಳೆಯದಾ?

ಉತ್ತರ: ಲೇಸರ್ ಅಲ್ಲ. ಕೀಹೋಲ್‌ನಲ್ಲಿ ಕೆಲವು ಮಿಲಿಮೀಟರ್‌ನ ತೂತು ಮಾಡಿ, ಬರ್ ಅನ್ನೋ ತಿರುಗುವ ಸಣ್ಣ ಉಪಕರಣದಿಂದ ಮೂಳೆ ಕತ್ತರಿಸುತ್ತೇವೆ. ಎಕ್ಸ್‌ರೇ ಪರದೆ ನೋಡುತ್ತಾ ಸರಿಯಾದ ಜಾಗಕ್ಕೆ ಜರುಗಿಸಿ ಸ್ಕ್ರೂ ಹಾಕುತ್ತೇವೆ. ಗಾಯ ಚಿಕ್ಕದು, ಮೊದಲ ದಿನಗಳ ನೋವೂ ಸಾಮಾನ್ಯವಾಗಿ ಕಡಿಮೆ. ಆದರೆ ಒಳಗೆ ಮೂಳೆ ಕತ್ತರಿಸಿದ್ದು ನಿಜ ತಾನೇ? ಅದು ಕೂಡಲು ಹಳೇ ರೀತಿಯಷ್ಟೇ ಕಾಲ ಬೇಕು. ಈ ಕೈಚಳಕ ಕಲಿಯಲು ಸಮಯ ಹಿಡಿಯುತ್ತದೆ. ಹಾಗಾಗಿ 'ಇಂಥವು ಎಷ್ಟು ಮಾಡಿದ್ದೀರಿ?' ಅಂತ ಡಾಕ್ಟರನ್ನು ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಯಾವ ಆಪರೇಷನ್ ಅನ್ನೋದನ್ನು ನಿಂತು ತೆಗೆಸಿದ ಎಕ್ಸ್‌ರೇ ಹೇಳುತ್ತದೆ. ಮಲಗಿ ತೆಗೆಸಿದರೆ ಪಾದದ ಮೇಲೆ ಭಾರ ಇರುವುದಿಲ್ಲ, ವಾಲಿದ್ದು ಕಡಿಮೆ ಕಾಣುತ್ತದೆ. ಹೆಬ್ಬೆರಳು ಸುಮಾರು 15 ಡಿಗ್ರಿವರೆಗೆ ವಾಲಿರುವುದು ಸಹಜ. 40 ದಾಟಿದರೆ ತೀವ್ರ ಅನ್ನುತ್ತೇವೆ. ಸ್ವಲ್ಪ ವಾಲಿದ್ದರೆ ಉದ್ದ ಮೂಳೆಯ ತುದಿಯಲ್ಲಿ 'ವಿ' ಆಕಾರಕ್ಕೆ ಕತ್ತರಿಸಿ ಸರಿಸುತ್ತೇವೆ, ಅದು ಶೆವ್ರಾನ್. ಇನ್ನೂ ಜಾಸ್ತಿ ಇದ್ದರೆ ಮೂಳೆಯ ಉದ್ದಕ್ಕೆ 'ಝಡ್' ಆಕಾರದಲ್ಲಿ ಕತ್ತರಿಸುವುದು ಸ್ಕಾರ್ಫ್. ತೀರಾ ವಾಲಿದ್ದರೆ, ಇಲ್ಲ ಆ ಉದ್ದ ಮೂಳೆಯ ಬುಡದ ಕೀಲೇ ಸಡಿಲ ಇದ್ದರೆ ಆ ಕೀಲನ್ನು ಬೆಸೆಯುವುದು ಲ್ಯಾಪಿಡಸ್. ಹೆಬ್ಬೆರಳಿನ ಕೀಲೇ ಸವೆದಿದ್ದರೆ ಅದನ್ನೇ ಬೆಸೆಯುತ್ತೇವೆ. ಆಗ ನೋವು ಹೋಗುತ್ತದೆ, ಆದರೆ ಬೆರಳು ಮಡಚುವುದಿಲ್ಲ. ತುದಿಗಾಲಲ್ಲಿ ಕುಕ್ಕರಗಾಲು ಕೂರುವುದು ಕಷ್ಟ. ಈ ಮಾತನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ತೊಂದರೆಗಳೂ ಇವೆ: ಸೋಂಕು, ಬೆರಳು ಮರಗಟ್ಟುವುದು, ಕೀಲು ಬಿಗಿಯಾಗುವುದು, ಪಕ್ಕದ ಬೆರಳಿನ ಬುಡಕ್ಕೆ ನೋವು ಹೋಗುವುದು. ಕೆಲವರಿಗೆ ವರ್ಷಗಳ ಮೇಲೆ ಮತ್ತೆ ವಾಲುತ್ತದೆ. ಬೀಡಿ ಸಿಗರೇಟು ಇದ್ದರೆ ಮೊದಲೇ ಬಿಡಿ, ಮೂಳೆ ಕೂಡುವುದು ತಡವಾಗುತ್ತದೆ.

ಪ್ರಶ್ನೆ (ಮಂಡ್ಯ ಸದಸ್ಯೆ): ಹಾಗಾದರೆ ಮೂರು ತಿಂಗಳು ಹಾಸಿಗೆ ಅನ್ನೋದು ನಿಜ ಅಲ್ವಾ ಸರ್? ನವರಾತ್ರಿಗೆ ಅಮ್ಮ ಗೊಂಬೆ ಕೂರಿಸಬೇಕು. ಅದಾದ ಮೇಲೆ ಮಾಡಿಸಬಹುದಾ?

ಉತ್ತರ: ನಿಜ ಅಲ್ಲ. ಹೆಚ್ಚಿನವರನ್ನು ಒಂದೆರಡು ದಿನದಲ್ಲೇ ಗಟ್ಟಿ ಅಡಿಯ ವಿಶೇಷ ಚಪ್ಪಲಿ ಹಾಕಿ ಹಿಮ್ಮಡಿಯ ಮೇಲೆ ನಡೆಸುತ್ತೇವೆ. ಲ್ಯಾಪಿಡಸ್ ಆದರೆ ಕೆಲವರಿಗೆ ಕೆಲವು ವಾರ ಕಾಲೂರಲು ಬಿಡುವುದಿಲ್ಲ. ಮೊದಲ ಎರಡು ವಾರ ದಿನದ ಹೆಚ್ಚು ಹೊತ್ತು ಕಾಲನ್ನು ದಿಂಬಿನ ಮೇಲೆ ಎತ್ತಿಡಬೇಕು. ಸುಮಾರು ಎರಡು ವಾರಕ್ಕೆ ಹೊಲಿಗೆ ಬಿಚ್ಚುತ್ತೇವೆ. ಆ ಚಪ್ಪಲಿ ಸುಮಾರು ಆರು ವಾರ. ಊತ ಪೂರ್ತಿ ಇಳಿಯಲು ಆರು ತಿಂಗಳು, ಕೆಲವರಿಗೆ ಒಂದು ವರ್ಷ. ಮಹಡಿ ಮೇಲೆ ಮಲಗುವವರಾದರೆ ಕೆಳಗೆ ಹಾಸಿಗೆ ಮಾಡಿ. ಕುಕ್ಕರಗಾಲಿನ ಟಾಯ್ಲೆಟ್ ಮಾತ್ರ ಇದ್ದರೆ ಕಮೋಡ್ ಕುರ್ಚಿ ಮೊದಲೇ ತಂದಿಡಿ. ಅಡುಗೆಮನೆಗೆ ಬೇರೆಯವರು ಬೇಕು. ಎರಡೂ ಕಾಲು ಒಟ್ಟಿಗೆ ಬೇಡ.

ನವರಾತ್ರಿ ಆದ ಮೇಲೆ ಬನ್ನಿ, ಇದು ಅವಸರದ ಆಪರೇಷನ್ ಅಲ್ಲ. ಆದರೆ ಗಂಟಿನ ಮೇಲೆ ಗಾಯ ಆದರೆ, ಚರ್ಮ ಕಪ್ಪಾದರೆ ಅದೇ ದಿನ ಹೊರಡಿ. ಅಷ್ಟರಲ್ಲಿ ಶುಗರ್ ಹತೋಟಿಗೆ ತನ್ನಿ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) 8ಕ್ಕಿಂತ ಕೆಳಗಿದ್ದರೆ ನಮಗೆ ಧೈರ್ಯ. ಪಾದದ ನಾಡಿ, ಸ್ಪರ್ಶ ಎರಡನ್ನೂ ಪರೀಕ್ಷೆ ಮಾಡಿಸಿ. ರಕ್ತ ಓಡಾಟ ಚೆನ್ನಾಗಿಲ್ಲದಿದ್ದರೆ ನಾನು ಚಾಕು ಮುಟ್ಟುವುದಿಲ್ಲ.

ಪ್ರಶ್ನೆ (ಮಂಡ್ಯ ಸದಸ್ಯೆ): ಕೊನೆಯದು ಸರ್. ಅಮ್ಮ ಇದನ್ನೇ ಕೇಳು ಅಂತಿದ್ದಾರೆ. ಕಾಲುಂಗುರ ಮತ್ತೆ ಹಾಕಬಹುದಾ?

ಉತ್ತರ: ಊತ ಇಳಿದು, ಎರಡು ಬೆರಳಿನ ನಡುವೆ ಜಾಗ ಆಗಿದ್ದರೆ ಧಾರಾಳವಾಗಿ ಹಾಕಬಹುದು. ಹಳೆಯದನ್ನು ಒತ್ತಿ ತೂರಿಸಬೇಡಿ. ಹೊಸದಾಗಿ ಅಳತೆ ಕೊಟ್ಟು, ಹಿಂದೆ ಬಾಯಿ ತೆರೆದಿರುವ ತೆಳು ಕಾಲುಂಗುರ ಮಾಡಿಸಿ. ಚಪ್ಪಲಿ ಬದಲಿಸಿದ ಮೇಲೆ ನೋವು ಹೇಗಿದೆ ಅಂತ ಒಂದು ತಿಂಗಳು ಬಿಟ್ಟು ಇಲ್ಲೇ ಬರೆಯಿರಿ. ಬರುವಾಗ ಅಮ್ಮ ದಿನಾ ಹಾಕುವ ಚಪ್ಪಲಿಯಲ್ಲೇ ಬರಲಿ, ಅದು ಎಲ್ಲಿ ಸವೆದಿದೆ ಅಂತ ನಾನು ನೋಡಬೇಕು.